ಯಂತ್ರಕ್ಕೆ ‘ಗೊತ್ತಿಲ್ಲ’ ಎನ್ನಲು ಕಲಿಸಿದ ಕಿವಿಯಕ್ಕ

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಯಂತ್ರಗಳು ಆಗಲೇ ಗಡಗಡ ಸದ್ದು ಮಾಡುತ್ತಿವೆ. ಪಕ್ಕದ ಪುಟ್ಟ ಕೋಣೆಯ ಬೀಗ ತೆಗೆದು ಒಳಬರುವ ಹೆಂಗಸು ಚಪ್ಪಲಿಯನ್ನು ಮೂಲೆಗೆ ಬಿಟ್ಟು, ಸ್ವೆಟರಿನ ತೋಳನ್ನು ಮೊಣಕೈಗೆ ಏರಿಸಿ, ಕಂಪ್ಯೂಟರ್ ಆನ್ ಮಾಡುತ್ತಾರೆ. ಪರದೆ ಬೆಳಗಿದ ತಕ್ಷಣ ಚೀಲದಿಂದ ಒಂದು ಟವೆಲ್ ತೆಗೆದು ಅದರ ಮೇಲೆ ಹೊದಿಸಿಬಿಡುತ್ತಾರೆ. ಆಮೇಲೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ, ಕುರ್ಚಿಗೆ ಒರಗುತ್ತಾರೆ. ಯಾರಾದರೂ ಬಾಗಿಲಲ್ಲಿ ಇಣುಕಿದರೆ, ಈಕೆ ಕೆಲಸಕ್ಕೆ ಬಂದಿದ್ದಾರೋ ನಿದ್ದೆಗೆ ಬಂದಿದ್ದಾರೋ ಎಂದು ಅನುಮಾನಪಡಬೇಕು.

“ಪರದೆ ಮೇಲೆ ಬಣ್ಣ ಕಾಣುತ್ತಲ್ಲ, ಅದಕ್ಕೇ ಟವೆಲ್ಲು,” ಎನ್ನುತ್ತಾರೆ ಅವರು, ಕಣ್ಣು ತೆರೆಯದೆ. “ಹಸಿರು ಅಂತ ಮೊದಲೇ ಕಣ್ಣಿಗೆ ಬಿದ್ದುಬಿಟ್ರೆ ಕಿವಿ ಸೋಮಾರಿ ಆಗುತ್ತೆ. ಮೊದಲು ಕೇಳ್ಬೇಕು, ಆಮೇಲೆ ನೋಡ್ಬೇಕು.”

ಆಸ್ಪತ್ರೆಯಲ್ಲಿ ಎಲ್ಲರೂ ಈಕೆಯನ್ನು ಕಿವಿಯಕ್ಕ ಎಂದೇ ಕರೆಯುವುದು. ವಯಸ್ಸು ಐವತ್ತೇಳು. ಓದಿದ್ದು ಏಳನೇ ತರಗತಿ. ಇಪ್ಪತ್ತೆಂಟು ವರ್ಷ ಇದೇ ಆಸ್ಪತ್ರೆಯ ವಾರ್ಡುಗಳಲ್ಲಿ ಆಯಾ ಆಗಿದ್ದವರು. ಕಳೆದ ನಾಲ್ಕು ವರ್ಷಗಳಿಂದ ಇವರ ಕೆಲಸ ಒಂದೇ: ಕಂಪ್ಯೂಟರಿಗೆ ಅರ್ಥವಾಗಿದೆ ಎಂದು ಕಂಪ್ಯೂಟರೇ ಹೇಳಿಕೊಂಡ ಮಾತು ನಿಜವಾಗಿ ಅರ್ಥವಾಗಿದೆಯೇ ಎಂದು ನೋಡುವುದು. ದೊಡ್ಡ ದೊಡ್ಡ ಪಂಡಿತರು ವೇದಿಕೆಯ ಮೇಲೆ ತಲೆ ಕೆಡಿಸಿಕೊಳ್ಳುವ ಪ್ರಶ್ನೆಯನ್ನು ಈಕೆ ಬೆಳಗಿನ ಕಾಫಿಗೆ ಮುಂಚೆ ಎಪ್ಪತ್ತು ಸಲ ಬಿಡಿಸುತ್ತಾರೆ.

ವ್ಯವಸ್ಥೆ ಸರಳವಾಗಿದೆ. ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಮನೆಗೆ ಹೋದವರಿಗೆ ಹದಿನೈದು ದಿನ, ಪ್ರತಿ ಸಂಜೆ, ಆಸ್ಪತ್ರೆಯ ಕಂಪ್ಯೂಟರ್ ಫೋನ್ ಮಾಡುತ್ತದೆ. ಜ್ವರ ಇದೆಯೇ? ನೋವು ಹೆಚ್ಚಾಗಿದೆಯೇ? ಊಟ ಸೇರುತ್ತಿದೆಯೇ? ಹೊಲಿಗೆ ಒಣಗಿದೆಯೇ? ವಾಂತಿ ಆಯಿತೇ? ಹೀಗೆ ಐದು ಪ್ರಶ್ನೆ. ರೋಗಿಗಳು ತಮಗೆ ತೋಚಿದಂತೆ ಉತ್ತರಿಸುತ್ತಾರೆ. ಒಬ್ಬರು “ಹೂಂ” ಎಂದರೆ ಇನ್ನೊಬ್ಬರು ಸೊಸೆಯ ಅಡುಗೆಯ ಬಗ್ಗೆ ಐದು ನಿಮಿಷ ದೂರು ಹೇಳುತ್ತಾರೆ. ಕಂಪ್ಯೂಟರ್ ಅದನ್ನೆಲ್ಲ ಜರಡಿ ಹಿಡಿದು ಒಂದು ಬಣ್ಣ ಕೊಡುತ್ತದೆ. ಕೆಂಪಾದರೆ ಆ ಕ್ಷಣವೇ ಡ್ಯೂಟಿ ಡಾಕ್ಟರಿಗೆ ಹೋಗುತ್ತದೆ. ಹಳದಿಯಾದರೆ ನರ್ಸಿಗೆ. ಹಸಿರಾದರೆ ಯಾರಿಗೂ ಇಲ್ಲ, ಆ ಮನುಷ್ಯ ಚೆನ್ನಾಗಿದ್ದಾನೆ ಎಂದು ಲೆಕ್ಕ. ಆ ಹಸಿರಿನ ರಾಶಿಯೇ ಕಿವಿಯಕ್ಕನ ಪಾಲು.

ದಿನಕ್ಕೆ ಇನ್ನೂರ ನಲವತ್ತು ಕರೆ ಹೋದರೆ ಸುಮಾರು ನೂರ ತೊಂಬತ್ತು ಹಸಿರು ಬರುತ್ತವೆ. ಅಷ್ಟನ್ನೂ ಕೇಳಲು ಸಮಯ ಸಾಲದು. ಹಾಗಾಗಿ ಆಪರೇಷನ್ ಆಗಿ ಮೂರರಿಂದ ಎಂಟು ದಿನ ಆದವರ ಕರೆಗಳನ್ನು ಮಾತ್ರ ಆರಿಸಿಕೊಳ್ಳುತ್ತಾರೆ. ಕೆಡುವುದಿದ್ದರೆ ಆ ದಿನಗಳಲ್ಲೇ ಕೆಡುವುದು ಎಂದು ವಾರ್ಡಿನ ಅನುಭವ ಹೇಳಿಕೊಟ್ಟಿದೆ. ಎಪ್ಪತ್ತರಲ್ಲಿ ಐದಾರು ಕರೆಗಳು ಅವರ ಕಿವಿಗೆ ಸರಿ ಕೇಳಿಸುವುದಿಲ್ಲ. ಆರೂವರೆ ಆದ ಮೇಲೆ ಅವರಿಗೆಲ್ಲ ತಾವೇ ಫೋನ್ ಮಾಡುತ್ತಾರೆ.

ಕಂಪ್ಯೂಟರಿನದು ಸಮಾಧಾನದ ಹೆಣ್ಣು ದನಿ. ಕಿವಿಯಕ್ಕ ಅದನ್ನು ‘ತಂಗಿ’ ಎನ್ನುತ್ತಾರೆ. “ಪಾಪ, ಒಳ್ಳೆ ಹುಡುಗಿ. ಇಷ್ಟು ವರ್ಷದಲ್ಲಿ ಒಂದು ದಿನವೂ ಯಾರ ಮೇಲೂ ರೇಗಿಲ್ಲ. ನಾನು ರೇಗ್ತೀನಿ. ಆದ್ರೆ ಅವಳದ್ದು ಒಂದೇ ಕಷ್ಟ ನೋಡಿ, ಯಾರೇನು ಹೇಳಿದ್ರೂ ನಂಬಿಬಿಡ್ತಾಳೆ.”

ಹೇಳಿದ್ದನ್ನು ನಂಬಬಾರದು ಎಂಬ ಪಾಠ ಕಿವಿಯಕ್ಕನಿಗೆ ಸಿಕ್ಕಿದ್ದು ಆಪರೇಷನ್ ಥಿಯೇಟರಿನ ಬಾಗಿಲಲ್ಲಿ. ಅರಿವಳಿಕೆ ಕೊಡುವ ಮುಂಚೆ ರೋಗಿಯ ಹೊಟ್ಟೆ ಖಾಲಿ ಇರಬೇಕು. ನರ್ಸ್ ಬಂದು “ಏನಾದರೂ ತಿಂದ್ರಾ?” ಎಂದು ಕೇಳುತ್ತಾರೆ, ರೋಗಿ “ಇಲ್ಲ” ಎನ್ನುತ್ತಾನೆ, ನರ್ಸ್ ಬರೆದುಕೊಂಡು ಹೋಗುತ್ತಾರೆ. ಟ್ರಾಲಿ ತಳ್ಳುವ ಕಿವಿಯಕ್ಕ ಮಾತ್ರ ದಾರಿಯಲ್ಲಿ ಲೋಕಾಭಿರಾಮವಾಗಿ ಇನ್ನೊಂದು ಮಾತು ಕೇಳುತ್ತಿದ್ದರು: “ಬೆಳಿಗ್ಗೆ ಕಾಫಿ ಬಿಸಿ ಇತ್ತಾ?” ಹತ್ತರಲ್ಲಿ ಒಬ್ಬ ರೋಗಿ “ಎಲ್ಲಿ ಬಿಸಿ, ತಣ್ಣಗಾಗಿ ಹೋಗಿತ್ತು” ಎಂದು ಬೇಸರದಿಂದ ಹೇಳುತ್ತಿದ್ದ. ಟ್ರಾಲಿ ಅಲ್ಲಿಂದಲೇ ವಾಪಸ್. ಸರ್ಜನ್ನರು ಮೊದಮೊದಲು ಸಿಡಿಮಿಡಿಗೊಂಡರೂ ಕೊನೆಗೆ “ಕಾಫಿ ಕೇಳಿದ್ರಾ?” ಎಂದು ತಾವೇ ವಿಚಾರಿಸುವಷ್ಟು ಆ ಪ್ರಶ್ನೆ ರೂಢಿಯಾಯಿತು.

“ಅವರೇನು ಬೇಕು ಅಂತ ಸುಳ್ಳು ಹೇಳಲ್ಲ,” ಎನ್ನುತ್ತಾರೆ. “ತಿನ್ನೋದು ಅಂದ್ರೆ ಊಟ, ಕಾಫಿ ಅದಕ್ಕೆ ಸೇರಲ್ಲ ಅಂದ್ಕೊಂಡಿರ್ತಾರೆ. ಇಲ್ಲಾಂದ್ರೆ ಆಪರೇಷನ್ ಮುಂದಕ್ಕೆ ಹೋದೀತು ಅಂತ ಹೆದರಿಕೆ. ನಾವು ಕೇಳೋದು ಒಂದು, ಅವರು ಉತ್ತರ ಕೊಡೋದು ಇನ್ನೊಂದಕ್ಕೆ.”

ಇಪ್ಪತ್ತೆಂಟು ವರ್ಷ ಟ್ರಾಲಿ ತಳ್ಳಿದ ಮೇಲೆ ಮೊಣಕಾಲು ಕೈಕೊಟ್ಟಿತು. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ಕಣ್ಣೀರು ಹಾಕುವ ಸ್ಥಿತಿ. ಆಗ ಆಸ್ಪತ್ರೆಯವರು ಅವರನ್ನು ನೆಲಮಾಳಿಗೆಗೆ, ಬಟ್ಟೆ ಕೋಣೆಗೆ ಹಾಕಿದರು. ಬೆಡ್‌ಶೀಟ್ ಎಣಿಸುವುದು, ಮಡಿಸುವುದು, ಮತ್ತೆ ಎಣಿಸುವುದು. “ಆ ಆರು ತಿಂಗಳು ನನಗೆ ಉಸಿರು ಕಟ್ಟಿದ ಹಾಗಾಗಿತ್ತು. ಬೆಡ್‌ಶೀಟ್ ಮಾತಾಡಲ್ಲ ನೋಡಿ.” ಅಷ್ಟರಲ್ಲಿ ಫೋನ್ ಮಾಡುವ ಕಂಪ್ಯೂಟರ್ ಬಂತು. ಅದರ ಕರೆಗಳನ್ನು ಆಗಾಗ ಕೇಳಿ ನೋಡಲು ಯಾರಾದರೂ ಬೇಕು ಎಂದಾಗ ಯಾರಿಗೂ ಆ ಕೆಲಸ ಬೇಡವಾಗಿತ್ತು. ಪಕ್ಕದ ಕೋಣೆಯಲ್ಲೇ ಇದ್ದ ಕಿವಿಯಕ್ಕನ ತಲೆಗೆ ಕಟ್ಟಿದರು. ಅವರು ಎರಡೂ ಕೈಯಲ್ಲಿ ಬಾಚಿಕೊಂಡರು.

ಮನೆಯಲ್ಲೂ ಕಿವಿಗೆ ಬಿಡುವಿಲ್ಲ. ಎರಡು ಕೋಣೆಯ ಮನೆ. ಗಂಡ ಕೈಗಡಿಯಾರ ರಿಪೇರಿ ಮಾಡುವವರು; ಮಾತು ಕಡಿಮೆ. ಅತ್ತೆಗೆ ಒಂಬತ್ತು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದು, ಇದ್ದ ಮಾತೆಲ್ಲ ಹೋಗಿ, ‘ಆಯ್ತು’ ಎಂಬ ಒಂದೇ ಒಂದು ಮಾತು ಉಳಿದಿದೆ. ನೀರು ಬೇಕಾದರೂ ‘ಆಯ್ತು’, ಕಿಟಕಿ ಮುಚ್ಚಬೇಕಾದರೂ ‘ಆಯ್ತು’, ಮಗನ ಮೇಲೆ ಸಿಟ್ಟು ಬಂದರೂ ‘ಆಯ್ತು’. ಸೊಸೆಗೆ ಹೆಚ್ಚುಕಡಿಮೆ ಎಲ್ಲವೂ ತಿಳಿಯುತ್ತದೆ. ತಿಳಿಯದಿದ್ದಾಗ ಲೋಟ ತೋರಿಸುತ್ತಾರೆ, ಕಿಟಕಿ ತೋರಿಸುತ್ತಾರೆ, ಕೊನೆಗೆ ಗಂಡನನ್ನೇ ಎಳೆದು ತಂದು ಮುಂದೆ ನಿಲ್ಲಿಸುತ್ತಾರೆ. ಆಗ ಅತ್ತೆ ನಗುತ್ತಾರೆ.

“ನಮ್ಮತ್ತೆ ಹತ್ರ ಇರೋದು ಒಂದೇ ಮಾತು. ತಂಗಿ ಹತ್ರ ಲೋಕದ ಮಾತೆಲ್ಲ ಇದೆ,” ಎನ್ನುತ್ತಾರೆ ಕಿವಿಯಕ್ಕ. “ಇಬ್ಬರ ಜೊತೆಗೂ ನಾನು ದಿನಾ ಏಗ್ತೀನಿ. ನಿಜ ಹೇಳಲಾ, ಅತ್ತೆ ಜೊತೆಗೇ ಸುಲಭ.”

ಕಿವಿಯಕ್ಕ ಕೂತು ಕೇಳುವ ಈ ಮೇಜಿನ ಬೆಲೆ ಆಸ್ಪತ್ರೆಗೆ ಮೊದಲ ಸಲ ತಿಳಿದದ್ದು ಒಬ್ಬ ನಿವೃತ್ತ ಬಸ್ ಡ್ರೈವರಿನಿಂದ. ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡು ಮನೆಗೆ ಹೋಗಿದ್ದ ಮನುಷ್ಯ. ಆರು ದಿನ ಸತತವಾಗಿ ಹಸಿರು. ಆರನೆಯ ಸಂಜೆಯ ಕರೆಯನ್ನು ಮರುದಿನ ಬೆಳಿಗ್ಗೆ ಕಣ್ಣು ಮುಚ್ಚಿ ಕೇಳುತ್ತಿದ್ದ ಕಿವಿಯಕ್ಕ ಥಟ್ಟನೆ ಎದ್ದು ಕೂತರು. ಉತ್ತರಗಳೇನೋ ಸರಿಯಾಗಿಯೇ ಇದ್ದವು. ಇಲ್ಲ, ಇಲ್ಲ, ಹೂಂ, ಹೂಂ, ಇಲ್ಲ. ಆದರೆ ಆ ಪುಣ್ಯಾತ್ಮ ಪ್ರಶ್ನೆ ಮುಗಿಯುವ ಮುಂಚೆಯೇ ಉತ್ತರ ಒಪ್ಪಿಸುತ್ತಿದ್ದ. ಹಳೆಯ ಕರೆಗಳನ್ನು ತೆಗೆದು ಮತ್ತೆ ಕೇಳಿದರು. ಮೂರನೇ ದಿನದಿಂದಲೂ ಅದೇ ಕಥೆ, ತಮ್ಮ ಕಿವಿಗೆ ಮಾತ್ರ ಅದು ಬಿದ್ದಿರಲಿಲ್ಲ. ತಂಗಿ ಕೇಳುವ ಐದು ಪ್ರಶ್ನೆಗಳ ಸರದಿ ಅವನಿಗೆ ಬಾಯಿಪಾಠವಾಗಿ ಹೋಗಿತ್ತು.

ಕಿವಿಯಕ್ಕ ಫೋನ್ ಮಾಡಿ ಪ್ರಶ್ನೆಗಳನ್ನು ಅದಲುಬದಲು ಮಾಡಿ ಕೇಳಿದರು. ಮೊದಲು “ಊಟ ಸೇರ್ತಿದ್ಯಾ?” ಎಂದರೆ “ಇಲ್ಲ” ಎಂದ. ನಾಲ್ಕನೆಯದಾಗಿ “ವಾಂತಿ ಆಯ್ತಾ?” ಎಂದರೆ “ಹೂಂ” ಎಂದ. ನಿಜ ಹೇಳುತ್ತಿದ್ದಾನೋ ಪಾಠ ಒಪ್ಪಿಸುತ್ತಿದ್ದಾನೋ ತಿಳಿಯಲಿಲ್ಲ. ಆಗ ಪಟ್ಟಿಯಲ್ಲಿ ಇಲ್ಲದ್ದನ್ನು ಕೇಳಿದರು.

“ಅದಿರಲಿ, ಈಗ ಎಲ್ಲಿ ಕೂತಿದ್ದೀರಿ?”

“ಮೆಟ್ಟಿಲ ಮೇಲೆ.”

“ಹತ್ತೋಕೆ ಹೊರಟಿದ್ರೋ, ಇಳಿಯೋಕೋ?”

“ಇಳೀತಿದ್ದೆ. ಈಗ ಎರಡೂ ಆಗ್ತಿಲ್ಲಮ್ಮ. ಬೆಳಕು ಹರಿಯೋಕೆ ಮುಂಚೆಯಿಂದ ಇಲ್ಲೇ ಕೂತಿದ್ದೀನಿ. ಮನೆಯವಳಿಗೆ ಹೇಳಬೇಡಿ.”

ಇಪ್ಪತ್ತು ನಿಮಿಷದಲ್ಲಿ ಆಂಬುಲೆನ್ಸ್ ಅವನ ಮನೆ ಮುಂದಿತ್ತು. ಒಳಗಿನ ಹೊಲಿಗೆ ಕೀವು ಕಟ್ಟಿ, ಮೈ ಬೆಂಕಿಯಾಗಿತ್ತು. ಇನ್ನು ಅರ್ಧ ದಿನ ತಡವಾಗಿದ್ದರೆ ಕೈ ಚೆಲ್ಲಬೇಕಾಗಿತ್ತು ಎಂದರು ಡಾಕ್ಟರು. ಎರಡು ವಾರದ ನಂತರ ನೆಲಮಾಳಿಗೆಗೆ ನಡೆದುಕೊಂಡೇ ಬಂದ ಡ್ರೈವರ್, ತಲೆ ತಗ್ಗಿಸಿ ನಿಂತು ತಪ್ಪೊಪ್ಪಿಕೊಂಡ. “ಮತ್ತೆ ಆ ಮಂಚದ ಮೇಲೆ ಮಲಗಿಸ್ತಾರೆ ಅಂತ ಹೆದರಿಕೆ ಇತ್ತಕ್ಕ. ದಿನಾ ಅದೇ ರೂಟು, ಅದೇ ಐದು ಸ್ಟಾಪು. ಕಣ್ಣು ಮುಚ್ಚಿ ಓಡಿಸಿಬಿಟ್ಟೆ.” ಕಿವಿಯಕ್ಕ ಅವನಿಗೆ ಚೆನ್ನಾಗಿ ಬೈದು, ಕಾಫಿ ಕುಡಿಸಿ ಕಳಿಸಿದರು.

ಇಷ್ಟಾದ ಮೇಲೆ ಮೇಜು ಭದ್ರವಾಯಿತು ಎಂದುಕೊಂಡರೆ ತಪ್ಪು. ಎರಡೇ ತಿಂಗಳಲ್ಲಿ ಆಡಳಿತ ಕಚೇರಿಯಿಂದ ಕಾಗದ ಬಂತು. ಕಂಪ್ಯೂಟರಿಗೆ ಹೊಸ ಬುದ್ಧಿ ತುಂಬಿಸಲಾಗಿದೆ, ಅದೀಗ ಮಾತನ್ನು ಮನುಷ್ಯರಂತೆಯೇ ಅರ್ಥ ಮಾಡಿಕೊಳ್ಳುತ್ತದೆ, ಆದ್ದರಿಂದ ಕೇಳುವ ಮೇಜು ಇನ್ನು ಬೇಕೇ ಎಂದು ಪರಿಶೀಲಿಸಲಾಗುವುದು. ಬೇಡವಾದರೆ ಕಿವಿಯಕ್ಕ ಮರಳಿ ಬೆಡ್‌ಶೀಟ್ ಎಣಿಸಬೇಕು. ಅದಕ್ಕಿಂತ ಹೆಚ್ಚಾಗಿ, ಮೆಟ್ಟಿಲ ಮೇಲೆ ಕೂತವರನ್ನು ಎರಡನೇ ಸಲ ಕೇಳುವವರು ಯಾರೂ ಇರುವುದಿಲ್ಲ. ಕಾಗದ ಬಂದ ದಿನ ಮನೆಯಲ್ಲಿ ಅವರಿಗೆ ಅನ್ನ ಇಳಿಯಲಿಲ್ಲ. ಅತ್ತೆ ಸೊಸೆಯ ತಟ್ಟೆ ನೋಡಿ, ಮುಖ ನೋಡಿ, “ಆಯ್ತು?” ಎಂದರು. “ಇನ್ನೂ ಇಲ್ಲ ಅತ್ತೆ, ನೋಡೋಣ” ಎಂದು ಸೊಸೆ ತುತ್ತು ಎತ್ತಿದರು.

ನಿರ್ಧಾರಕ್ಕೆ ಒಂದು ಪರೀಕ್ಷೆ ಇಟ್ಟರು. ಹಳೆಯ ನೂರು ಕರೆಗಳು. ಆ ನೂರು ಜನರಲ್ಲಿ ಹನ್ನೆರಡು ಮಂದಿ ಆಮೇಲೆ ಕಾಯಿಲೆ ಉಲ್ಬಣಿಸಿ ಆಸ್ಪತ್ರೆಗೆ ವಾಪಸು ಬಂದಿದ್ದವರು. ಯಾರು ಎಂಬುದು ದೊಡ್ಡ ಡಾಕ್ಟರಿಗೆ ಮಾತ್ರ ಗೊತ್ತು. ಕಂಪ್ಯೂಟರೂ ಹೇಳಬೇಕು, ಕಿವಿಯಕ್ಕನೂ ಹೇಳಬೇಕು. ಕಂಪ್ಯೂಟರ್ ನಾಲ್ಕು ನಿಮಿಷದಲ್ಲಿ ಮುಗಿಸಿತು. ಕಿವಿಯಕ್ಕ ಎರಡು ಬೆಳಗು ತೆಗೆದುಕೊಂಡು, ನೋಟ್‌ಬುಕ್ಕಿನಲ್ಲಿ ಗುರುತು ಹಾಕಿದರು. ಚೆನ್ನಾಗಿರುವವರಿಗೆ ಒಂದು ಗೀಟು, ಕಷ್ಟದಲ್ಲಿರುವವರಿಗೆ ಇಂಟು ಮಾರ್ಕು, ಏಳು ಕಡೆ ಮಾತ್ರ ಒಂದೊಂದು ಸೊನ್ನೆ.

ನಾಲ್ಕನೇ ಮಹಡಿಯ ಮೀಟಿಂಗ್ ಕೋಣೆಗೆ ಅವರು ಅಷ್ಟು ವರ್ಷಗಳ ಕೆಲಸದಲ್ಲಿ ಮೊದಲ ಸಲ ಕಾಲಿಟ್ಟಿದ್ದು ಅಂದೇ. ಉದ್ದನೆಯ ಮೇಜು, ಗಾಜಿನ ಲೋಟಗಳು, ಅವರ ಚೀಲದಲ್ಲಿ ಟವೆಲ್. ಆಡಳಿತಾಧಿಕಾರಿ ನೋಟ್‌ಬುಕ್ ತಿರುವಿ, “ಈ ಸೊನ್ನೆ ಏನಮ್ಮ?” ಎಂದರು.

“ಗೊತ್ತಿಲ್ಲ ಅಂತ, ಸರ್. ಕೇಳಿದೆ, ಅರ್ಥ ಆಗಲಿಲ್ಲ. ಅವರಿಗೆ ವಾಪಸ್ ಫೋನ್ ಮಾಡ್ಬೇಕು.”

“ಪರೀಕ್ಷೇಲಿ ಗೊತ್ತಿಲ್ಲ ಅಂತ ಬರೆದ್ರೆ ಮಾರ್ಕ್ಸ್ ಕೊಡಲ್ಲಮ್ಮ.”

“ಅದೂ ಸರಿಯೇ, ಸರ್,” ಎಂದು ಕಿವಿಯಕ್ಕ ಕೈ ಕಟ್ಟಿ ಕೂತರು.

ಲೆಕ್ಕ ಮಾಡಿದರು. ಹನ್ನೆರಡರಲ್ಲಿ ಕಂಪ್ಯೂಟರ್ ಏಳನ್ನು ಹಿಡಿದಿತ್ತು. ಕಿವಿಯಕ್ಕ ಆರನ್ನು. ಒಂದೇ ಒಂದರ ಅಂತರದಲ್ಲಿ ಸೋಲು. ಅಧಿಕಾರಿ ಫೈಲು ಮುಚ್ಚಲು ಕೈ ಹಾಕಿದರು. ಕಿವಿಯಕ್ಕನ ಕಿವಿಯಲ್ಲಿ ಆಗ ಬಟ್ಟೆ ಒಗೆಯುವ ಯಂತ್ರದ ಸದ್ದೇ ತುಂಬಿತ್ತಂತೆ.

“ಒಂದು ನಿಮಿಷ,” ಎಂದರು ಅಷ್ಟು ಹೊತ್ತು ಸುಮ್ಮನಿದ್ದ ದೊಡ್ಡ ಡಾಕ್ಟರು. “ಆ ಏಳು ಸೊನ್ನೆ ಯಾರ್ಯಾರದು, ಓದಿ ನೋಡೋಣ.”

ಒಂದೊಂದೇ ನಂಬರು ಓದಿದರು. ಡಾಕ್ಟರು ತಮ್ಮ ಪಟ್ಟಿಯಲ್ಲಿ ಒಂದೊಂದೇ ಗುರುತು ಹಾಕಿದರು. ಏಳರಲ್ಲಿ ನಾಲ್ವರು ವಾಪಸು ಬಂದವರೇ. ಅಂದರೆ ಹನ್ನೆರಡರಲ್ಲಿ ಹತ್ತು ಮಂದಿಯನ್ನು ಈ ಹೆಂಗಸು ‘ಚೆನ್ನಾಗಿದ್ದಾರೆ’ ಎಂದು ಮನೆಯಲ್ಲಿ ಬಿಟ್ಟಿರಲಿಲ್ಲ. ಡಾಕ್ಟರು ಕನ್ನಡಕ ತೆಗೆದು, ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆಯ ಕಡೆ ತಿರುಗಿದರು. “ನಿಮ್ಮದು ಎಷ್ಟು ಕಡೆ ಗೊತ್ತಿಲ್ಲ ಅಂದಿದೆ?”

ಎಲ್ಲರೂ ಕಂಪ್ಯೂಟರ್ ಮೇಡಂ ಎನ್ನುವ ಆಕೆ, ತಲೆಗೂದಲು ಅರ್ಧ ಬೆಳ್ಳಗಾದ ಗಂಭೀರ ಹೆಂಗಸು. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. “ಎಲ್ಲೂ ಇಲ್ಲ, ಸರ್. ಹಾಗೆ ಹೇಳೋಕೆ ನಾವು ಅದಕ್ಕೆ ಜಾಗವೇ ಇಟ್ಟಿಲ್ಲ.”

ಅಧಿಕಾರಿ ಫೈಲಿನ ಮೇಲಿನ ಕೈ ತೆಗೆದರು. ಕೇಳುವ ಮೇಜು ಉಳಿಯಿತು.

ಕಿವಿಯಕ್ಕ ಗೆಲುವನ್ನು ಪೂರ್ತಿ ತಮ್ಮ ಜೇಬಿಗೆ ಹಾಕಿಕೊಳ್ಳುವವರಲ್ಲ. ತಪ್ಪಿದ ಇಬ್ಬರಲ್ಲಿ ಒಬ್ಬಾಕೆಯ ವಿಷಯವನ್ನು ತಾವೇ ಕೆದಕಿ ಹೇಳುತ್ತಾರೆ. ಕರೆಯುದ್ದಕ್ಕೂ ನಗುನಗುತ್ತಾ ಮಾತನಾಡಿದ್ದ ದರ್ಜಿ ಹೆಂಗಸು ಅವರು. ಇಷ್ಟು ನಗುವವರಿಗೆ ಏನಾಗಿದ್ದೀತು ಎಂದು ಕಿವಿಯಕ್ಕ ಕಣ್ಣು ಮುಚ್ಚಿ ಗೀಟು ಎಳೆದಿದ್ದರು. ಕಂಪ್ಯೂಟರ್ ಮಾತ್ರ ಆ ನಗುವಿನ ನಡುವೆ ಉಸಿರು ಮಾತಿನಿಂದ ಮಾತಿಗೆ ಚಿಕ್ಕದಾಗುತ್ತಿದ್ದುದನ್ನು ಅಳೆದು ಕೆಂಪು ಕೊಟ್ಟಿತ್ತು. “ನಾನು ನಗುವಿಗೆ ಮರುಳಾದೆ, ಅವಳು ಆಗಲಿಲ್ಲ. ಕೆಳಗೆ ಬಂದ ಮೇಲೆ ತಂಗಿಯ ಬೆನ್ನು ತಟ್ಟಿದೆ,” ಎಂದು ಕಂಪ್ಯೂಟರಿನ ಹಿಂಬದಿಯನ್ನು ತಟ್ಟಿ ತೋರಿಸುತ್ತಾರೆ. ಇನ್ನೊಬ್ಬರು ಇಬ್ಬರಿಗೂ ಸಿಕ್ಕಿರಲಿಲ್ಲ. ಆ ಮಾತು ಬಂದಾಗ ಅವರ ದನಿ ತಗ್ಗುತ್ತದೆ.

ಆಮೇಲಿನ ಮೂರು ವಾರ ಕಂಪ್ಯೂಟರ್ ಮೇಡಂ ನೆಲಮಾಳಿಗೆಯಲ್ಲೇ ಠಿಕಾಣಿ ಹೂಡಿದರು. ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು, ಒಂದೊಂದು ಕರೆಗೂ “ಇಲ್ಲಿ ಯಾಕೆ ನಿಂತ್ರಿ? ಇಲ್ಲಿ ಯಾಕೆ ನಂಬಲಿಲ್ಲ?” ಎಂದು ಕೇಳಿ ಬರೆದುಕೊಂಡರು. ಈಗ ಕಂಪ್ಯೂಟರ್ ಐದು ಪ್ರಶ್ನೆಗಳನ್ನು ದಿನಕ್ಕೊಂದು ಸರದಿಯಲ್ಲಿ ಕೇಳುತ್ತದೆ. ಕೊನೆಗೆ “ಈಗ ಎಲ್ಲಿ ಕೂತಿದ್ದೀರಿ?” ಎನ್ನುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕೆಂಪು, ಹಳದಿ, ಹಸಿರಿನ ಪಕ್ಕದಲ್ಲಿ ನಾಲ್ಕನೆಯ ಬಣ್ಣವೊಂದು ಬಂದಿದೆ. ಬೂದು. ನನಗೆ ಗೊತ್ತಾಗಲಿಲ್ಲ, ಅಕ್ಕನನ್ನು ಕೇಳಿ ಎಂದು ಅದರ ಅರ್ಥ.

ಹಾಗಾದರೆ ಈಗಲಾದರೂ ಅದಕ್ಕೆ ಮಾತು ಅರ್ಥವಾಗುತ್ತದೆಯೇ, ಅದು ಯೋಚಿಸುತ್ತದೆಯೇ? “ಆಗುತ್ತೆ ಅನ್ನೋಕೂ ನನಗೆ ಧೈರ್ಯ ಇಲ್ಲ, ಆಗಲ್ಲ ಅನ್ನೋಕೂ ಇಲ್ಲ,” ಎನ್ನುತ್ತಾರೆ ಕಂಪ್ಯೂಟರ್ ಮೇಡಂ. “ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ್ದೀನಿ. ಅರ್ಥ ಆಗೋದು ಅಂದ್ರೆ ಸರಿಯಾದ ಉತ್ತರ ಕೊಡೋದು ಅಂದ್ಕೊಂಡಿದ್ದೆ. ಇವರನ್ನ ನೋಡಿದ ಮೇಲೆ ಆ ಲೆಕ್ಕ ತಲೆಕೆಳಗಾಯ್ತು.”

ಕಿವಿಯಕ್ಕನಿಗೆ ಈ ಚರ್ಚೆಯಲ್ಲಿ ಅಂಥ ಆಸಕ್ತಿಯಿಲ್ಲ. “ನನಗೇ ದಿನಕ್ಕೆ ಎಷ್ಟೋ ಅರ್ಥ ಆಗಲ್ಲ. ಮೂವತ್ತು ವರ್ಷ ಆಯ್ತು, ನಮ್ಮ ಯಜಮಾನರೇ ಇನ್ನೂ ಪೂರ್ತಿ ಅರ್ಥ ಆಗಿಲ್ಲ. ಆದ್ರೆ ಅರ್ಥ ಆಗ್ಲಿಲ್ಲ ಅಂತ ಗೊತ್ತಾಗುತ್ತಲ್ಲ, ಆಗ ಮತ್ತೊಂದು ಸಲ ಕೇಳ್ತೀನಿ. ಅಷ್ಟೇ ನನ್ನ ವಿದ್ಯೆ.”

ಆ ವಿದ್ಯೆಗೆ ಈಗ ಮೂರು ಕುರ್ಚಿಗಳಾಗಿವೆ. ಮೊಣಕಾಲು ಸವೆದ ಇನ್ನಿಬ್ಬರು ಹಳೆಯ ಆಯಾಗಳು ಬಟ್ಟೆ ಕೋಣೆಯಿಂದ ಈ ಕೋಣೆಗೆ ಬಂದಿದ್ದಾರೆ, ತಮ್ಮ ತಮ್ಮ ಟವೆಲ್ ಸಮೇತ. ದಿನಕ್ಕೆ ಮೂವತ್ತರ ಆಸುಪಾಸು ಬೂದು ಕರೆಗಳು ಬರುತ್ತವೆ. ನಾಲ್ಕು ತಿಂಗಳಲ್ಲಿ ಹತ್ತೊಂಬತ್ತು ಮಂದಿಯನ್ನು ಸಮಯಕ್ಕೆ ಸರಿಯಾಗಿ ಕರೆತಂದಿದ್ದಾರೆ. ಹತ್ತೊಂಬತ್ತೂ ಮಂದಿ ನಡೆದುಕೊಂಡು ಮನೆಗೆ ಹೋಗಿದ್ದಾರೆ. ಬೇರೆ ಆಸ್ಪತ್ರೆಗಳವರು ಬಂದು ನೋಡಿ ಹೋಗುತ್ತಿದ್ದಾರೆ. ನಾಲ್ಕನೇ ಮಹಡಿಯ ಅಧಿಕಾರಿ ಈಗ ಆ ಅತಿಥಿಗಳನ್ನು ತಾವೇ ಕೆಳಗೆ ಕರೆತಂದು, “ಇವರೇ ನಮ್ಮ ಕಿವಿಯಕ್ಕ” ಎಂದು ಪರಿಚಯ ಮಾಡಿಸುತ್ತಾರೆ.

ಮುಂದಿನ ತಿಂಗಳು ಕಿವಿಯಕ್ಕನ ಬಲ ಮೊಣಕಾಲಿಗೆ ಆಪರೇಷನ್. ದೊಡ್ಡ ಡಾಕ್ಟರೇ ದಿನ ಗೊತ್ತು ಮಾಡಿದ್ದಾರೆ. ಮನೆಗೆ ಹೋದ ಮೇಲೆ ಹದಿನೈದು ದಿನ, ಪ್ರತಿ ಸಂಜೆ, ತಂಗಿಯ ಫೋನ್ ಅವರಿಗೇ ಬರಬೇಕು. ಆ ಯೋಚನೆಗೆ ಕೋಣೆಯ ಮೂವರೂ ಬಿದ್ದು ಬಿದ್ದು ನಗುತ್ತಾರೆ.

ನಗು ನಿಂತ ಮೇಲೆ ಕಿವಿಯಕ್ಕ ಹೆಡ್‌ಫೋನನ್ನು ಮತ್ತೆ ಕಿವಿಗೆ ಏರಿಸಿಕೊಳ್ಳುತ್ತಾರೆ. ಏಳು ಗಂಟೆಯಾಗುತ್ತಿದೆ. ಇನ್ನೂ ಹನ್ನೊಂದು ಕರೆ ಬಾಕಿ ಇವೆ.

“ನನಗೆ ಒಂದೇ ಆಸೆ,” ಎನ್ನುತ್ತಾರೆ, ಪರದೆಯ ಮೇಲಿನ ಟವೆಲ್ಲನ್ನು ಸರಿಪಡಿಸುತ್ತಾ. “ಎಷ್ಟೇ ನೋವಿದ್ರೂ ನಾನು ಚೆನ್ನಾಗಿದೀನಿ ಅಂತಲೇ ಹೇಳೋಳು. ನನ್ನ ಬುದ್ಧಿ ನನಗೆ ಗೊತ್ತು. ಆಗ ನಮ್ಮ ತಂಗಿ ನನ್ನ ನಂಬಬಾರದು.”